ಹಕ್ಕಿ ಕಾಲಿನ ಉಂಗುರ ಮತ್ತು ನೂರು ವರ್ಷ ದಾಟಿದ ಒಂದು ಕಾನೂನು

ವಲಸೆ ಹಕ್ಕಿಯನ್ನು ಕಾಪಾಡುವುದು ಕಷ್ಟ. ಒಂದು ಕಡೆ ಮೊಟ್ಟೆ ಇಡುತ್ತದೆ, ಚಳಿಗಾಲಕ್ಕೆ ಇನ್ನೆಲ್ಲಿಗೋ ಹೋಗುತ್ತದೆ, ನಡುವೆ ಹತ್ತಾರು ಕಡೆ ಇಳಿದು ಮೇಯುತ್ತದೆ. ಒಂದು ಕಡೆಯವರು ಬೇಟೆ ನಿಲ್ಲಿಸಿದರೂ ಮುಂದಿನ ಕೆರೆಯ ಹತ್ತಿರ ಬಂದೂಕು ಕಾಯುತ್ತಿರುತ್ತದೆ.

ನೂರಿಪ್ಪತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಆಗುತ್ತಿದ್ದುದು ಇದೇ. ಹೆಂಗಸರ ಟೋಪಿಗೆ ಬೆಳ್ಳಕ್ಕಿಯ ಗರಿ ಸಿಕ್ಕಿಸುವುದು ಆಗಿನ ಫ್ಯಾಷನ್. ಆ ನವಿರಾದ ಗರಿ ಮೂಡುವುದು ಗೂಡು ಕಟ್ಟುವ ಕಾಲದಲ್ಲಿ, ಹಾಗಾಗಿ ಬೇಟೆಗಾರರು ನೇರವಾಗಿ ಗೂಡುಗಳಿರುವಲ್ಲಿಗೇ ಹೋಗಿ ದೊಡ್ಡ ಹಕ್ಕಿಗಳನ್ನು ಹೊಡೆಯುತ್ತಿದ್ದರು, ಮರಿಗಳು ಹಸಿದು ಸಾಯುತ್ತಿದ್ದವು. ಇದನ್ನು ತಡೆಯಲೇಬೇಕು ಅಂತ 1896ರಲ್ಲಿ ಬಾಸ್ಟನ್ನಿನ ಹ್ಯಾರಿಯೆಟ್ ಹೆಮೆನ್‌ವೇ ಮತ್ತು ಮಿನ್ನಾ ಹಾಲ್ ಗೆಳತಿಯರನ್ನು ಚಹಾಕ್ಕೆ ಕರೆದು, ಗರಿಯ ಟೋಪಿ ಬಿಡಿ ಎಂದು ಒಪ್ಪಿಸಿ, ಹಕ್ಕಿಗಳನ್ನು ಕಾಪಾಡಲು ಮ್ಯಾಸಚೂಸೆಟ್ಸ್ ಆಡುಬಾನ್ ಸೊಸೈಟಿ ಎಂಬ ಸಂಘ ಕಟ್ಟಿದರು. 1900ರಲ್ಲಿ ಲೇಸಿ ಕಾಯ್ದೆ ಬಂತು. ಒಂದು ರಾಜ್ಯದಲ್ಲಿ ಕಾನೂನು ಮುರಿದು ಕೊಂದ ಹಕ್ಕಿಯನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸುವಂತಿಲ್ಲ. ಒಳ್ಳೆಯ ಕಾನೂನೇ, ಆದರೆ ಕಾಯುವವರು ಬೇಕಲ್ವಾ? ಫ್ಲಾರಿಡಾದಲ್ಲಿ ಬೆಳ್ಳಕ್ಕಿಗಳನ್ನು ಕಾಯುತ್ತಿದ್ದ ಗೈ ಬ್ರಾಡ್ಲಿಯನ್ನು 1905ರಲ್ಲಿ ಗುಂಡಿಟ್ಟು ಕೊಂದರು. ಕೊಂದವನಿಗೆ ಶಿಕ್ಷೆಯೇ ಆಗಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಕೊನೆಯ ಪ್ಯಾಸೆಂಜರ್ ಪಾರಿವಾಳ ಸತ್ತಿತು. ಒಂದು ಕಾಲದಲ್ಲಿ ಆಕಾಶ ಮುಚ್ಚುವಷ್ಟು ಇದ್ದ ಹಕ್ಕಿ, ಅಲ್ಲಿಗೆ ಆ ಜಾತಿಯೇ ಮುಗಿಯಿತು.

1916ರಲ್ಲಿ ಅಮೆರಿಕವೂ, ಕೆನಡಾದ ಪರವಾಗಿ ಬ್ರಿಟನ್ನೂ ವಲಸೆ ಹಕ್ಕಿಗಳನ್ನು ಕಾಪಾಡುವ ಒಪ್ಪಂದ ಮಾಡಿಕೊಂಡವು, 1918ರಲ್ಲಿ ಅಮೆರಿಕ ಅದನ್ನು ಕಾಯ್ದೆ ಮಾಡಿತು. ನಮ್ಮ ನೆಲದ ಹಕ್ಕಿ ನಮ್ಮದು, ಕೇಂದ್ರ ಕೈ ಹಾಕಬಾರದು ಅಂತ ಮಿಸ್ಸೌರಿ ರಾಜ್ಯ ಕೋರ್ಟಿಗೆ ಹೋಯಿತು. 1920ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನಿನ್ನೆ ಇಲ್ಲಿ ಇರಲಿಲ್ಲ, ನಾಳೆ ಬೇರೆ ರಾಜ್ಯದಲ್ಲಿರಬಹುದು, ವಾರದೊಳಗೆ ಸಾವಿರ ಮೈಲಿ ಆಚೆ ಇರಬಹುದು, ಇಂಥ ಹಕ್ಕಿ ಒಂದು ರಾಜ್ಯದ ಸ್ವತ್ತು ಹೇಗಾದೀತು ಎಂಬುದು ನ್ಯಾಯಮೂರ್ತಿ ಹೋಮ್ಸ್ ಅವರ ವಾದದ ಸಾರ. ಹಕ್ಕಿಯ ಬದುಕನ್ನು ಇಷ್ಟು ಚೆನ್ನಾಗಿ ಅರಿತ ತೀರ್ಪು ನನಗೆ ಬೇರೆ ಗೊತ್ತಿಲ್ಲ.

ಸರಿ, ಹಕ್ಕಿ ಓಡಾಡುತ್ತದೆ. ಆದರೆ ಎಲ್ಲಿಂದ ಎಲ್ಲಿಗೆ? ಅದನ್ನು ತೋರಿಸಿದ್ದು ಉಂಗುರ. 1899ರಲ್ಲಿ ಡೆನ್ಮಾರ್ಕಿನ ವೀಬೋರ್ಗ್ ಊರಿನ ಮೇಷ್ಟ್ರು ಮಾರ್ಟೆನ್ಸೆನ್ ಸ್ಟಾರ್ಲಿಂಗ್ ಎಂಬ ಸಣ್ಣ ಹಕ್ಕಿಗಳ ಕಾಲಿಗೆ ನಂಬರು ಹಾಕಿದ ಅಲ್ಯೂಮಿನಿಯಂ ಉಂಗುರ ತೊಡಿಸಿದರು. ಮೊದಲು ಸತುವಿನದನ್ನು ಹಾಕಿ ನೋಡಿದ್ದರು, ಭಾರ ಜಾಸ್ತಿ ಆಯಿತು. 1909ರಲ್ಲಿ ಕೆನಡಾದ ಜ್ಯಾಕ್ ಮೈನರ್ ಒಂದು ಬಾತಿನ ಕಾಲಿಗೆ ವಿಳಾಸ ಕೊರೆದ ಪಟ್ಟಿ ಕಟ್ಟಿ ಬಿಟ್ಟರು. ಅದು ದಕ್ಷಿಣ ಕ್ಯಾರೊಲಿನಾದಲ್ಲಿ ಬೇಟೆಗಾರರ ಕೈಗೆ ಸಿಕ್ಕಿ ಸುದ್ದಿ ವಾಪಸ್ ಬಂತು.

ಒಪ್ಪಂದ ಆದಮೇಲೆ, 1920ರಿಂದ, ಅಮೆರಿಕ ಸರಕಾರವೇ ಈ ಕೆಲಸ ಕೈಗೆತ್ತಿಕೊಂಡಿತು. ಹಾಗೆ ಬಂದ ಉಂಗುರಗಳ ಲೆಕ್ಕ ಹಿಡಿದು ಹಕ್ಕಿ ವಿಜ್ಞಾನಿ ಫ್ರೆಡರಿಕ್ ಲಿಂಕನ್ ಉತ್ತರ ಅಮೆರಿಕದ ನೀರುಹಕ್ಕಿಗಳ ನಾಲ್ಕು ದಾರಿ ಗುರುತಿಸಿದರು: ಅಟ್ಲಾಂಟಿಕ್, ಮಿಸಿಸಿಪಿ, ಸೆಂಟ್ರಲ್, ಪೆಸಿಫಿಕ್. ಬೇಟೆಯ ದಿನಗಳನ್ನೂ ಮಿತಿಯನ್ನೂ ಇಂದಿಗೂ ಈ ದಾರಿಗಳ ಲೆಕ್ಕದಲ್ಲೇ ಗೊತ್ತುಮಾಡುತ್ತಾರೆ. ಆ ಮಾಹಿತಿಯಲ್ಲಿ ಬಹಳಷ್ಟು ಬಂದದ್ದು ಹಕ್ಕಿ ಹೊಡೆದವರಿಂದಲೇ. ಇದು ಕೆಲವರಿಗೆ ಹಿಡಿಸುವುದಿಲ್ಲ, ಆದರೆ ಅವರು ಉಂಗುರವನ್ನು ಸುಮ್ನೆ ಎಸೆದಿದ್ದರೆ ಇಷ್ಟು ಗೊತ್ತಾಗುತ್ತಲೇ ಇರಲಿಲ್ಲ.

1956ರಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ ಹಕ್ಕಿ ವಿಜ್ಞಾನಿ ಚಾಂಡ್ಲರ್ ರಾಬಿನ್ಸ್ ಲೇಸನ್ ಆಲ್ಬಟ್ರಾಸ್ ಎಂಬ ಒಂದು ದೊಡ್ಡ ಕಡಲ ಹಕ್ಕಿಗೆ ಉಂಗುರ ಹಾಕಿದ್ದರು. ವಿಸ್ಡಮ್ ಅಂತ ಹೆಸರಾದ ಆ ಹಕ್ಕಿ 2024ರಲ್ಲೂ ಮೊಟ್ಟೆ ಇಟ್ಟಿತು. ಉಂಗುರ ಇಲ್ಲದಿದ್ದರೆ ಆ ಸಾಲಿನಲ್ಲಿ ಕೂತ ಇನ್ನೊಂದು ಬಿಳಿ ಹಕ್ಕಿ, ಅಷ್ಟೇ.

ಉಂಗುರ ಇರುವ ಹಕ್ಕಿ ಕಂಡರೆ ಹಿಡಿಯಲು ಹೋಗಬೇಡಿ, ಬದುಕಿದ್ದರೆ ಉಂಗುರ ಬಿಚ್ಚಲೂ ಬೇಡಿ. ನಂಬರು ಕಾಣುವಂತೆ ಫೋಟೋ ತೆಗೆದು, ಜಾಗ ಮತ್ತು ದಿನಾಂಕದ ಜೊತೆ ಉಂಗುರದ ಮೇಲಿರುವ ವಿಳಾಸಕ್ಕೆ ಕಳುಹಿಸಿ.