ನಡುಗುವ ಮುಷ್ಟಿ

ಚಿಕ್ಕವಳಿದ್ದಾಗ ಚರ್ಚಿನ ಸಂಡೇ ಸ್ಕೂಲಿನಲ್ಲಿ ನರಕದ ಬೆಂಕಿ ತೋರಿಸಿಯೇ ಬೈಬಲ್ ವಾಕ್ಯ ಬಾಯಿಪಾಠ ಮಾಡಿಸುತ್ತಿದ್ದರು. ರಾತ್ರಿ ದೀಪ ಆರಿಸಲು ನಾನು ಬಿಡುತ್ತಿರಲಿಲ್ಲ.

ಈಗ ನಾನೇ ಮಕ್ಕಳಿಗೆ ಕಲಿಸುತ್ತೇನೆ. ಮೊನ್ನೆ ಒಬ್ಬ ಹುಡುಗ ಕಾಣಿಕೆ ಚೀಲದಿಂದ ಹತ್ತು ರೂಪಾಯಿ ತೆಗೆದಿದ್ದ. ಬೈಯಲು ಬಾಯಿ ತೆರೆದೆ, ಆದರೆ ಅವನ ಮುಷ್ಟಿ ನಡುಗುತ್ತಿತ್ತು, ನೋಟು ಬೆವರಿಗೆ ಒದ್ದೆಯಾಗಿತ್ತು, ಬೈಬಲಿನ ಯೋಹಾನ ಸುವಾರ್ತೆಯ 8ನೇ ಅಧ್ಯಾಯದಲ್ಲಿ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಮೇಲೆ ಕಲ್ಲೆಸೆಯಲು ಕಾದವರ ಮುಂದೆ ಯೇಸುಸ್ವಾಮಿ ಸುಮ್ನೆ ಬಗ್ಗಿ ನೆಲದ ಮೇಲೆ ಬೆರಳಿನಿಂದ ಬರೆದದ್ದು ನೆನಪಾಯಿತು. ‘ಇನ್ನು ಪಾಪ ಮಾಡಬೇಡ’ ಅಂತ ಅವರೂ ಹೇಳಿದರು, ಅಲ್ವಾ? ಆದರೆ ಶಿಕ್ಷೆ ಕೊಡುವುದಿಲ್ಲ ಎಂದ ಮೇಲೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ನನಗೆ ತುಂಬಾ ಮುಖ್ಯ.

ಅವನ ಪಕ್ಕ ಕುಳಿತೆ. ‘ಹಸಿವಾ ಪುಟ್ಟಾ?’ ಅಂದೆ. ತುಂಬಾ ಹೊತ್ತಾದ ಮೇಲೆ ನೋಟನ್ನು ನನ್ನ ಕೈಗಿಟ್ಟ.