ಗಾಡಿ ಎಳೆಯುತ್ತಿಲ್ಲ ಅಂದರೆ ಮೊದಲು ಹೊಗೆ ನೋಡಿ

ನಮ್ಮದು ಬೆಂಗಳೂರಿನ ಕೆಂಗೇರಿಯಲ್ಲಿ ಶಾಮಿಯಾನ ಕೆಲಸ. ಕುರ್ಚಿ, ಟೇಬಲ್, ಪಾತ್ರೆ, ಕಂಬ ಎಲ್ಲವನ್ನೂ ಹೊರುವುದು 2011ರ ಒಂದು ಡೀಸೆಲ್ ಪಿಕಪ್. ಎರಡೂವರೆ ಲಕ್ಷ ಕಿಲೋಮೀಟರ್ ಹತ್ತಿರ ಓಡಿದೆ. ಹಳೇ ಗಾಡಿ ಮಾರಿಬಿಡು ಅಂತ ತುಂಬಾ ಜನ ಹೇಳಿದ್ದಾರೆ, ಆದರೆ ಇಷ್ಟು ವರ್ಷ ನಮ್ಮ ಮನೆ ನಡೆಸಿದ್ದೇ ಅದು. ನನಗೆ ಮನಸ್ಸು ಬರುವುದಿಲ್ಲ.

ಹೋದ ತಿಂಗಳು ವಿಲ್ಸನ್ ಗಾರ್ಡನ್‌ನಲ್ಲಿ ಒಂದು ಗೃಹಪ್ರವೇಶಕ್ಕೆ ಲೋಡ್ ಹಾಕಿಕೊಂಡು ಬೆಳಗಿನ ಜಾವ ಹೊರಟೆ. ಮೈಸೂರು ರಸ್ತೆಯಲ್ಲಿ ಹೇಗೋ ಬಂತು. ಸಿರ್ಸಿ ಸರ್ಕಲ್ ಹತ್ತಿರ ಫ್ಲೈಓವರ್ ಏರು ಶುರುವಾದ ಕೂಡಲೇ ಗಾಡಿ ಕೂತುಬಿಟ್ಟಿತು. ಯಾವಾಗಲೂ ಮೂರನೇ ಗೇರಿನಲ್ಲಿ ಆರಾಮಾಗಿ ಹತ್ತುತ್ತಿದ್ದ ಏರು ಅದು. ಅವತ್ತು ಎರಡಕ್ಕೆ ಇಳಿಸಿ, ಆಕ್ಸಿಲೇಟರ್ ಪೂರ್ತಿ ತುಳಿದರೂ 20ರ ಮೇಲೆ ಹೋಗಲಿಲ್ಲ. ಹಿಂದೆ ಬೈಕಿನಲ್ಲಿ ಬರುತ್ತಿದ್ದ ಭಾವ ಪಕ್ಕಕ್ಕೆ ಬಂದು, "ಏನಪ್ಪಾ ಇದು, ಬರೀ ಕರೀ ಹೊಗೆ, ಮುಂದೆ ರಸ್ತೇನೇ ಕಾಣ್ತಿಲ್ಲ" ಅಂದರು.

ಅರ್ಧ ಉತ್ತರ ಆ ಮಾತಿನಲ್ಲೇ ಇತ್ತು. ನನಗೆ ಅದು ಅರ್ಥ ಆಗಿದ್ದು ಹತ್ತು ದಿನ ಆದಮೇಲೆ.

ಮೊದಲು ಹೋದ ಗ್ಯಾರೇಜಿನಲ್ಲಿ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದರು. ದೋಷದ ಕೋಡ್ ಏನೂ ಬರಲಿಲ್ಲ. ಆದರೂ "ಹಳೇ ಗಾಡಿ, ಇಂಜೆಕ್ಟರ್ ಹೋಗಿರುತ್ತೆ, ನಾಲ್ಕೂ ಬದಲಾಯಿಸಿ" ಅಂತ 40 ಸಾವಿರದ ಲೆಕ್ಕ ಕೊಟ್ಟರು. ಇಂಜೆಕ್ಟರ್ ಅಂದರೆ ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ. ಅದು ಹೋಗಿದೆಯಾ ಇಲ್ಲವಾ ಅಂತ ನೋಡುವುದಕ್ಕೆ ಒಂದು ಸುಲಭ ದಾರಿ ಇದೆ. ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪಿಗೆ ಒಂದೊಂದು ಸಣ್ಣ ಬಾಟಲಿ ಕಟ್ಟಿ ಸ್ವಲ್ಪ ಹೊತ್ತು ಇಂಜಿನ್ ಓಡಿಸಿದರೆ, ಯಾವುದರಲ್ಲಿ ಡೀಸೆಲ್ ಜಾಸ್ತಿ ವಾಪಸ್ ಬರುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ, ಅನುಮಾನ ಪಡಬೇಕಾಗಿದ್ದು ಅದನ್ನೇ. ಅದನ್ನು ಮಾಡದೆ ಯಾರಾದರೂ ಇಂಜೆಕ್ಟರ್ ಬದಲಾಯಿಸಿ ಅಂದರೆ ಒಪ್ಪಬೇಡಿ. ನಾನು ಅಡ್ವಾನ್ಸ್ ಕೊಡುವುದಕ್ಕೆ ದುಡ್ಡು ತೆಗೆದಿದ್ದೆ, ಭಾವ ತಡೆದರು.

ಆಮೇಲೆ ಅಪ್ಪನ ಕಾಲದಿಂದ ಪರಿಚಯ ಇರುವ ಒಬ್ಬರು ಮೇಸ್ತ್ರಿ ಹತ್ತಿರ ಹೋದೆ. ವಯಸ್ಸಾಗಿದೆ, ಈಗ ಜಾಸ್ತಿ ಕೆಲಸ ಒಪ್ಪಿಕೊಳ್ಳುವುದಿಲ್ಲ. ಅವರು ಬಾನೆಟ್ ಎತ್ತಲೇ ಇಲ್ಲ. ಮೊದಲು ಕೇಳಿದ್ದು, "ಹೊಗೆ ಯಾವ ಬಣ್ಣ?"

ಕರೀ ಹೊಗೆ ಅಂದರೆ ಡೀಸೆಲ್ ಬರುತ್ತಿದೆ, ಅದಕ್ಕೆ ತಕ್ಕ ಗಾಳಿ ಸಿಗುತ್ತಿಲ್ಲ, ಅಥವಾ ಡೀಸೆಲ್ಲೇ ಜಾಸ್ತಿ ಬೀಳುತ್ತಿದೆ. ಹೊಗೆ ಇಲ್ಲದೆ ಸುಮ್ನೆ ಶಕ್ತಿ ಕಮ್ಮಿ ಆದರೆ ಡೀಸೆಲ್ ಬರುವ ದಾರಿ ನೋಡಬೇಕು: ಫಿಲ್ಟರ್ ಕಟ್ಟಿರಬಹುದು, ನೀರು ಸೇರಿರಬಹುದು, ಪಂಪ್ ಸೋತಿರಬಹುದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಒಂದು ಕೆಜಿ ಡೀಸೆಲ್ ಪೂರ್ತಿ ಉರಿಯುವುದಕ್ಕೆ ಹೆಚ್ಚು ಕಮ್ಮಿ 14.5 ಕೆಜಿ ಗಾಳಿ ಬೇಕು. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ಗಾಳಿಯೇ ಸ್ವಲ್ಪ ತೆಳು. ಆ ಕೊರತೆ ತುಂಬಿ, ಇನ್ನೂ ಮೇಲೆ ಗಾಳಿ ಒತ್ತಿ ಕೊಡುವುದೇ ಟರ್ಬೋ ಕೆಲಸ. ಆ ಒತ್ತಿದ ಗಾಳಿ ದಾರಿಯಲ್ಲಿ ಎಲ್ಲೋ ಸೋರಿಹೋದರೆ ಇಂಜಿನ್ ಏನು ತಾನೇ ಮಾಡುತ್ತದೆ?

ಆ ಸೋರಿಕೆ ಹುಡುಕುವ ಮೊದಲು ಮೇಸ್ತ್ರಿ ಖರ್ಚಿಲ್ಲದ ಎರಡು ಪರೀಕ್ಷೆ ಮಾಡಿಸಿದರು. ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕನೇ ಗೇರ್ ಹಾಕಿ, ನಿಧಾನಕ್ಕೆ ಕ್ಲಚ್ ಬಿಡು ಅಂದರು. ಇಂಜಿನ್ ತಕ್ಷಣ ಆಫ್ ಆಯಿತು, ಅಂದರೆ ಕ್ಲಚ್ ಪ್ಲೇಟ್ ಸರಿ ಇದೆ. ಆಫ್ ಆಗದೆ ಓಡುತ್ತಾ ಇದ್ದಿದ್ದರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ. ಆಮೇಲೆ ಮೂರು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆವು. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು, ಶಾಖ ಗೊತ್ತಾಗುತ್ತದೆ. ಎಡಗಡೆ ಹಿಂದಿನದು ಬೇರೆ ಮೂರಕ್ಕಿಂತ ಬಿಸಿ ಇತ್ತು. ಬ್ರೇಕ್ ಹಿಡಿದುಕೊಂಡು ಓಡುತ್ತಿತ್ತು ಪಾಪ. ಅದು ಒಂದು ರೋಗ, ಆದರೆ ದೊಡ್ಡದು ಅದಲ್ಲ ಅಂದರು.

ಏರ್ ಫಿಲ್ಟರ್ ತೆಗೆದು ಟಾರ್ಚ್ ಹಿಡಿದರೆ ಬೆಳಕು ಆ ಕಡೆ ಮಂಕಾಗಿ ಕಂಡಿತು. ಈ ಊರಲ್ಲಿ ಎಲ್ಲಿ ನೋಡಿದರೂ ರಸ್ತೆ ಅಗೆತ, ಕಟ್ಟಡದ ಧೂಳು, ಫಿಲ್ಟರ್ ಎಷ್ಟು ದಿನ ತಾನೇ ಬಾಳುತ್ತದೆ. ಹೊಸದು ಹಾಕಿದೆವು. ಸ್ವಲ್ಪ ವ್ಯತ್ಯಾಸ, ಅಷ್ಟೇ.

ಕೊನೆಗೆ ಉಳಿದದ್ದು, ಟರ್ಬೋ ಒತ್ತಿದ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್‌ನಿಂದ ಇಂಜಿನ್‌ಗೆ ಹೋಗುವ ದಪ್ಪ ರಬ್ಬರ್ ಹೋಸ್. ಮೇಲಿಂದ ನೋಡಿದರೆ ಏನೂ ಇಲ್ಲ, ಚೆನ್ನಾಗೇ ಇದೆ. ಸೋಪಿನ ನೀರು ಹಾಕಿದರೂ ಗುಳ್ಳೆ ಬರಲಿಲ್ಲ, ಯಾಕೆಂದರೆ ನಿಂತ ಗಾಡಿಯಲ್ಲಿ ಟರ್ಬೋ ಹೆಚ್ಚು ಒತ್ತಡ ಕೊಡುವುದಿಲ್ಲ. ಮೇಸ್ತ್ರಿ ಕಣ್ಣು ಬೇರೆ ಕಡೆ ಇಟ್ಟುಕೊಂಡೇ ಹೋಸಿನ ಕೆಳಗೆ ಬೆರಳು ಓಡಿಸಿದರು, ಕ್ಲಿಪ್ ಹತ್ತಿರ ನಿಲ್ಲಿಸಿದರು. "ಇಲ್ಲಿ ಕೈ ಹಾಕು" ಅಂದರು. ಹಾಕಿದೆ. ಎಣ್ಣೆಯ ಜಿಡ್ಡು, ಅದರ ಮೇಲೆ ಅಂಟಿದ ಕೆಂಪು ಧೂಳಿನ ಒಂದು ಗೆರೆ. ಹೋಸ್ ಬಿಚ್ಚಿ ಬಗ್ಗಿಸಿದಾಗ ಆ ಗೆರೆ ಬಾಯಿಬಿಟ್ಟಿತು. ಎರಡು ಇಂಚು ಉದ್ದ ಸೀಳು. ಖಾಲಿ ಗಾಡಿಯಲ್ಲಿ ಮುಚ್ಚಿಕೊಂಡಿರುತ್ತದೆ, ಲೋಡ್ ಹಾಕಿ ಏರಿನಲ್ಲಿ ತುಳಿದಾಗ ತೆರೆದುಕೊಳ್ಳುತ್ತದೆ. ಯೋಚನೆ ಮಾಡಿದರೆ, ಏರಿನಲ್ಲಿ ಕಿಟಕಿ ತೆಗೆದಾಗ ಬುಸ್ ಅಂತ ಒಂದು ಸದ್ದು ಕೇಳುತ್ತಿತ್ತು. ಬಸ್ಸಿನದ್ದು ಅಂದುಕೊಂಡಿದ್ದೆ.

ಟೇಪ್ ಸುತ್ತಿದರೆ ನಿಲ್ಲುವುದಿಲ್ಲ, ಒಳಗಿನ ಜಿಡ್ಡಿಗೆ ಅಂಟೇ ಬಿಟ್ಟುಕೊಳ್ಳುತ್ತದೆ. ಜೆ.ಸಿ. ರಸ್ತೆಗೆ ಹೋಗಿ ಹಳೇ ಹೋಸನ್ನು ಅಂಗಡಿ ಕೌಂಟರ್ ಮೇಲಿಟ್ಟು, ಅಳತೆ ಹಿಡಿದು ಹೊಸದು ತಂದೆ, ಜೊತೆಗೆ ಎರಡು ಅಗಲ ಕ್ಲಿಪ್. ಎಲ್ಲ ಸೇರಿ 1,100 ರೂಪಾಯಿ. ಬ್ರೇಕ್ ಕೆಲಸಕ್ಕೆ ಬೇರೆ 900 ಆಯಿತು. ಹೋಸಿನ ಒಳಗೆ ಸ್ವಲ್ಪ ಜಿಡ್ಡು ಇದ್ದರೆ ಗಾಬರಿ ಬೇಡ, ಇಂಜಿನ್ ಉಸಿರಿನ ಜೊತೆ ಅಷ್ಟು ಬರುತ್ತದೆ. ಬಗ್ಗಿಸಿದರೆ ಆಯಿಲ್ ಸುರಿಯುವಷ್ಟಿದ್ದರೆ ಮಾತ್ರ ಟರ್ಬೋ ತೋರಿಸಿ.

ಮೇಸ್ತ್ರಿ ಕೂಲಿ ಎಷ್ಟು ಅಂದರೆ 300 ಅಂದರು. ನಾನು ಜಾಸ್ತಿ ಕೊಟ್ಟೆ, ತಗೊಳ್ಳಲಿಲ್ಲ. ಮರುದಿನ ಭಾವ ಹೋಳಿಗೆ ಕಟ್ಟಿಸಿಕೊಂಡು ಹೋಗಿ ಕೊಟ್ಟು ಬಂದರು.

ಮೊನ್ನೆ ಅದೇ ಸಿರ್ಸಿ ಸರ್ಕಲ್ ಏರು, 250 ಕುರ್ಚಿ, ಮೇಲೆ ಪಾತ್ರೆ. ಮೂರನೇ ಗೇರಿನಲ್ಲೇ ಹತ್ತಿತು. ಕಾಲು ಒತ್ತಿದ ಕೂಡಲೇ ಸೀಟಿನ ಬೆನ್ನಿಗೆ ಆ ಹಳೇ ನೂಕು ಸಿಕ್ಕಿತು, ಎಷ್ಟು ಖುಷಿಯಾಯಿತು ಅಂದರೆ ಹೇಳುವುದಕ್ಕಾಗುವುದಿಲ್ಲ. ಏರು ಮುಗಿದ ಮೇಲೆ ಕನ್ನಡಿಯಲ್ಲಿ ನೋಡಿದೆ, ಹಿಂದೆ ಭಾವನ ಬೈಕ್ ಹೆಡ್‌ಲೈಟ್ ಚೊಕ್ಕಟವಾಗಿ ಕಾಣುತ್ತಿತ್ತು.