ಟ್ರೇಲರ್ ಎಳೆಯುವ ಹಳೇ ಗಾಡಿ: ಎಂಜಿನ್ ಇಳಿಸುವ ಮುನ್ನ

ಹೊಗೆ ಬರುತ್ತಿದೆ, ಲೋಡ್ ಹಾಕಿದರೆ ಏರು ಹತ್ತುತ್ತಿಲ್ಲ ಅಂದಕೂಡಲೇ ಎಂಜಿನ್ ಹೋಯಿತು ಎಂದುಕೊಳ್ಳಬೇಡಿ. ಕಟ್ಟಿಕೊಂಡ ಏರ್ ಫಿಲ್ಟರ್, ಸೀಳಿದ ಟರ್ಬೊ ಹೋಸ್, ಕೆಟ್ಟ ಇಂಜೆಕ್ಟರ್ ಕೂಡ ಇದೇ ಲಕ್ಷಣ ತೋರಿಸುತ್ತವೆ. ಮೊದಲು ಅಳೆದು ನೋಡಿ.

ಪೆಟ್ರೋಲ್ ಎಂಜಿನ್ನಾದರೆ ಬಿಸಿ ಇರುವಾಗಲೇ ಇಂಧನ ಮತ್ತು ಇಗ್ನಿಷನ್ ಸಂಪರ್ಕ ತೆಗೆದು, ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸುತ್ತಾ ಗೇಜಿನಲ್ಲಿ ಕಂಪ್ರೆಷನ್ (ಸಿಲಿಂಡರಿನೊಳಗೆ ಏಳುವ ಗಾಳಿಯ ಒತ್ತಡ) ನೋಡಿ. ಬ್ಯಾಟರಿ ಫುಲ್ ಚಾರ್ಜ್ ಇರಲಿ, ಇಲ್ಲವಾದರೆ ಅಂಕಿ ಸುಳ್ಳು ಹೇಳುತ್ತದೆ. ಸಾಮಾನ್ಯವಾಗಿ 130ರಿಂದ 180 ಪಿಎಸ್‌ಐ ಸಿಗುತ್ತದೆ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ. 15ನ್ನೂ ಮೀರಿ ಕಡಿಮೆ ಇದ್ದರೆ ಅಲ್ಲೇ ತೊಂದರೆ. ಅದಕ್ಕೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಬರೀ ಹೆಡ್ ಬಿಚ್ಚಿದರೆ ಕೆಲಸ ಮುಗಿಯಬಹುದು. ಡೀಸೆಲ್ ಎಂಜಿನ್ನಿಗೆ ಹೀಗೆ ಆಯಿಲ್ ಬಿಡಬೇಡಿ, ಅಪಾಯ. ಅಲ್ಲಿ ಲೀಕ್‌ಡೌನ್ ಪರೀಕ್ಷೆಯೇ ಸರಿ, ಅಂದರೆ ಸಿಲಿಂಡರಿಗೆ ಹೊರಗಿನಿಂದ ಒತ್ತಡದ ಗಾಳಿ ಬಿಟ್ಟು ಎಲ್ಲಿ ಸೋರುತ್ತದೆ ಎಂದು ನೋಡುವುದು: ಗಾಳಿ ಆಯಿಲ್ ಮುಚ್ಚಳದ ಬಳಿ ಬುಸ್ಸೆಂದರೆ ರಿಂಗ್, ಸೈಲೆನ್ಸರಿನಲ್ಲಿ ಕೇಳಿಸಿದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು.

ಆಯಿಲ್ ಫಿಲ್ಟರನ್ನು ಕೊಯ್ದು, ಮಡಿಕೆ ಬಿಡಿಸಿ ಬೆಳಕಿಗೆ ಹಿಡಿಯಿರಿ. ಆಯಸ್ಕಾಂತಕ್ಕೆ ಅಂಟುವ ಪುಡಿ ಉಕ್ಕಿನದು. ತಾಮ್ರದ ಬಣ್ಣದ ಮಿಣುಕು ಕಂಡರೆ ಬೇರಿಂಗ್ ಒಳಪದರದವರೆಗೆ ಸವೆದಿದೆ. ಆಮೇಲೆ ಭಾರ ಎಳೆಯುವ ಮಾತೇ ಬೇಡ.

ಎಂಜಿನ್ ನಿಜಕ್ಕೂ ಹೋಗಿದ್ದರೆ, ಯಾಕೆ ಹೋಯಿತು ಎಂದು ಗೊತ್ತಾಗುವ ತನಕ ಹೊಸದಕ್ಕೆ ಕೈ ಹಾಕಬೇಡಿ. ಅರ್ಧ ಕಟ್ಟಿಕೊಂಡ ರೇಡಿಯೇಟರ್, ಜಾರುವ ಫ್ಯಾನ್ ಕ್ಲಚ್ ಖಾಲಿ ಗಾಡಿಯಲ್ಲಿ ಗೊತ್ತೇ ಆಗುವುದಿಲ್ಲ. ಟ್ರೇಲರ್ ಕಟ್ಟಿ ಘಾಟಿ ಹತ್ತಿದಾಗ ಹೊಸ ಎಂಜಿನ್ನನ್ನೂ ಸುಡುತ್ತವೆ.

ಇನ್ನು ಚಾಸಿ. ನನ್ನ ಮಟ್ಟಿಗೆ ತೀರ್ಪು ಅಲ್ಲೇ. ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಕೂರುವ ಜಾಗ, ಸ್ಪ್ರಿಂಗ್ ಹ್ಯಾಂಗರ್‌ಗಳ ಸುತ್ತ ಸುತ್ತಿಗೆಯಿಂದ ತಟ್ಟಿ ನೋಡಿ. ತುಕ್ಕು ಪದರ ಪದರವಾಗಿ ಉದುರಿದರೆ ಅಥವಾ ವೆಲ್ಡ್ ಪಕ್ಕ ಬಿರುಕಿದ್ದರೆ ಎಂಜಿನ್ನಿಗೆ ಹಣ ಹಾಕಬೇಡಿ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿದ್ದರೆ ಆ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ. ಹೊಸ ಎಂಜಿನ್ನಿನ ಪೂರ್ತಿ ಬಲ ಬೀಳುವುದು ಅದರ ಮೇಲೇ.

ಚಾಸಿ, ಗೇರ್‌ಬಾಕ್ಸ್ ಎರಡೂ ಗಟ್ಟಿಯಿದ್ದರೆ ಧೈರ್ಯವಾಗಿ ಎಂಜಿನ್ ಹಾಕಿಸಿ. ಭಾರ ಎಳೆಯುವ ಕೆಲಸಕ್ಕೆ ಇತಿಹಾಸ ಗೊತ್ತಿಲ್ಲದ ಸೆಕೆಂಡ್‌ಹ್ಯಾಂಡ್ ಎಂಜಿನ್‌ಗಿಂತ, ಬೋರ್ ಮಾಡಿ ಅಳತೆ ಚೀಟಿ ಸಮೇತ ಕೊಡುವ ರೀಬಿಲ್ಟ್ ಎಂಜಿನ್ ಮೇಲು. ವಾಟರ್ ಪಂಪ್, ಥರ್ಮೋಸ್ಟಾಟ್, ಹೋಸ್‌ಗಳು, ಎಂಜಿನ್ ಮೌಂಟ್, ಹಿಂದಿನ ಕ್ರ್ಯಾಂಕ್ ಸೀಲ್ ಹೊಸವೇ ಇರಲಿ. ಬೇರಿಂಗ್ ಹೋಗಿದ್ದ ಗಾಡಿಯ ಆಯಿಲ್ ಕೂಲರನ್ನು ತೊಳೆದು ಮತ್ತೆ ಹಾಕಬೇಡಿ. ಒಳಗೆ ಸಿಕ್ಕಿಕೊಂಡ ಲೋಹದ ಚೂರು ನೇರ ಹೊಸ ಬೇರಿಂಗಿಗೆ ಹೋಗುತ್ತದೆ.

ಕೂರಿಸುವಾಗ ಗೇರ್‌ಬಾಕ್ಸ್ ಬ್ಲಾಕಿಗೆ ಕೈಯಲ್ಲಿ ತಳ್ಳಿದರೇ ಕೂಡಿಕೊಳ್ಳಬೇಕು, ಆಟೊಮ್ಯಾಟಿಕ್ ಆದರೆ ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಸಲೀಸಾಗಿ ತಿರುಗಬೇಕು. ಬೋಲ್ಟ್ ಬಿಗಿದು ಎಳೆದು ಕೂಡಿಸಿದರೆ ಗೇರ್‌ಬಾಕ್ಸಿನ ಪಂಪ್ ಒಡೆಯಬಹುದು. ಮೊದಲ 800 ಕಿಲೋಮೀಟರ್ ಟ್ರೇಲರ್ ಕಟ್ಟಬೇಡಿ. ಎಂಜಿನ್ ಕೊಟ್ಟವರು ಇನ್ನೂ ಹೆಚ್ಚು ಹೇಳಿದರೆ ಅಷ್ಟು ಕಾಯಿರಿ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸದೆ ಏರಿಳಿಸುತ್ತಿರಿ. ಆಮೇಲೆ ಆಯಿಲ್ ಬದಲಿಸಿ, ಆ ಫಿಲ್ಟರನ್ನೂ ಕೊಯ್ದು ನೋಡಿ.